ಪುಟ್ಟ ಮಗುವಿನ ಜೊತೆ ಒಂದು ದಿನ: ಹಾಸನದಿಂದ ಬೆಂಗಳೂರಾ, ಮೈಸೂರಾ?

ಮನೆಯಲ್ಲಿ ಎರಡೂವರೆ ವರ್ಷದ ಮಗು ಇದೆ. ಒಂದು ದಿನದ ಮಟ್ಟಿಗೆ ದೊಡ್ಡ ಊರು ನೋಡಿಕೊಂಡು ಬರಬೇಕು. ಹಾಸನದವರಿಗೆ ಆಗ ಎದುರಿಗೆ ಬರೋದು ಎರಡೇ ಹೆಸರು. ಒಂದು ಬೆಂಗಳೂರು, ಸುಮಾರು 185 ಕಿ.ಮೀ. ಇನ್ನೊಂದು ಮೈಸೂರು, ಸುಮಾರು 120 ಕಿ.ಮೀ. ಎರಡೂ ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರಬಹುದಾದ ಊರುಗಳೇ. ನಾನು, ನನ್ನ ಗಂಡ ಮಗಳನ್ನು ಕರೆದುಕೊಂಡು ಎರಡಕ್ಕೂ ಹೋಗಿದ್ದೇವೆ. ರೈಲಲ್ಲೂ ಹೋಗಿದ್ದೇವೆ, ಬಸ್ಸಲ್ಲೂ, ಕಾರಲ್ಲೂ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಮೂರು ತುಂಬುವ ತನಕ ವಾರದ ನಡುವೆ ರಜೆ ಸಿಕ್ಕರೆ ಮೈಸೂರು, ಭಾನುವಾರ ಮಾತ್ರ ಬಿಡುವು ಅಂದರೆ ಬೆಂಗಳೂರು. ಕೇಳೋಕೆ ಉಲ್ಟಾ ಅನಿಸಬಹುದು. ಭಾನುವಾರ ಬೆಂಗಳೂರಿಗೆ ಯಾರಾದರೂ ಮಗು ಕರೆದುಕೊಂಡು ಹೋಗ್ತಾರಾ ಅಂತ ನಮ್ಮತ್ತೆಯೂ ಕೇಳಿದ್ದರು. ಹೋಗಬಹುದು. ಕಾರಣ ಇದೆ.

ವಾರದ ಕೊನೆಯಲ್ಲಿ ಬೆಂಗಳೂರಿನವರು ಊರು ಬಿಟ್ಟು ಹೊರಗೆ ಬರುತ್ತಾರೆ. ಶುಕ್ರವಾರ ಸಂಜೆ, ಶನಿವಾರ ಬೆಳಗ್ಗೆ ನೆಲಮಂಗಲದ ರಸ್ತೆ ತುಂಬ ನಮ್ಮ ಕಡೆಗೆ, ಸಕಲೇಶಪುರ, ಚಿಕ್ಕಮಗಳೂರಿನ ಕಡೆಗೆ ಬರುವ ಕಾರುಗಳು. ಭಾನುವಾರ ಸಂಜೆ ಅವೆಲ್ಲ ವಾಪಸ್ ಹೋಗುತ್ತವೆ. ನಾವು ಭಾನುವಾರ ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಹಾಸನಕ್ಕೆ ಹೊರಟರೆ ಜನ ಬರುವ ದಿಕ್ಕಿಗೆ ಎದುರಾಗಿ ಹೋಗುತ್ತೇವೆ. ಗೊರಗುಂಟೆಪಾಳ್ಯದಲ್ಲಿ ಊರಿಗೆ ಬರುವ ಸಾಲು ನಿಂತಿರುತ್ತದೆ, ನಮ್ಮ ಸಾಲು ನಡೆಯುತ್ತಿರುತ್ತದೆ. ಮೈಸೂರಿನದು ಇದಕ್ಕೆ ತದ್ವಿರುದ್ಧ. ಭಾನುವಾರ ಮೈಸೂರಿನ ಮೃಗಾಲಯದ ಟಿಕೆಟ್ ಸಾಲಲ್ಲಿ ನಿಂತರೆ ಅರ್ಧ ಬೆಂಗಳೂರು ಅಲ್ಲೇ ಇದೆ ಅನಿಸುತ್ತದೆ. ಬುಧವಾರವೋ ಗುರುವಾರವೋ ಹೋದರೆ ಅದೇ ಜಾಗ ಎಷ್ಟು ಆರಾಮ ಅಂತೀರಿ!

ಇನ್ನು ಪ್ರಯಾಣ. ಬೆಂಗಳೂರಿಗಾದರೆ ನಾನು ರೈಲು ಬಿಟ್ಟು ಬೇರೆ ಹೇಳುವುದಿಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಹೊಸ ಹಳಿ ಪೂರ್ತಿ ಆದಮೇಲೆ ನಮ್ಮ ಪಾಲಿಗೆ ಬೆಂಗಳೂರು ಹತ್ತಿರವಾಯಿತು. ಬೆಳಗ್ಗೆ ಬೇಗ ಹೊರಡುವ ಇಂಟರ್‌ಸಿಟಿ ಹತ್ತಿದರೆ ಹೆಚ್ಚುಕಡಿಮೆ ಮೂರು ಗಂಟೆಯಲ್ಲಿ ಯಶವಂತಪುರ. ಸಂಜೆ ಮತ್ತೆ ಅದರಲ್ಲೇ ವಾಪಸ್. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಸೀಟೂ ಸಿಗುವುದಿಲ್ಲ. ಸೀಟು ಬೇಕು ಅಂದರೆ ಪೂರ್ತಿ ದುಡ್ಡು ಕೊಟ್ಟು ಬುಕ್ ಮಾಡಬೇಕು. ನಾವು ಬುಕ್ ಮಾಡುತ್ತೇವೆ. ಸಂಜೆ ಬರುವಾಗ ಮಗು ಕಾಲು ಚಾಚಿ ಮಲಗಲು ಆ ಒಂದು ಸೀಟು ಬೇಕೇ ಬೇಕು. ಹೋಗುವಾಗ ಅವಳು ಆ ಸೀಟಲ್ಲಿ ಕೂರುವುದೇ ಇಲ್ಲ ಅನ್ನಿ. ಕಿಟಕಿ ಸರಳು ಹಿಡಿದು ನಿಂತು ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟ ನೋಡುತ್ತಾಳೆ, ಬೇಜಾರಾದರೆ ಸೀಟುಗಳ ನಡುವೆ ಆ ಕಡೆ ಈ ಕಡೆ ಓಡಾಡುತ್ತಾಳೆ. ಎರಡು ವರ್ಷದ ಮಗುವನ್ನು ಮೂರು ಗಂಟೆ ಕಟ್ಟಿಹಾಕದೆ ಕರೆದೊಯ್ಯಬಹುದಾದ ಬೇರೆ ವಾಹನ ಇದೆಯಾ ಹೇಳಿ.

ಬಸ್ಸಿನ ಲೆಕ್ಕ ಬೇರೆ. ಖರ್ಚು ಬಹಳ ಕಡಿಮೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಕೆಂಪು ಬಸ್ಸಲ್ಲಿ ನನಗೆ ಟಿಕೆಟ್ ಹಣ ಇಲ್ಲ, ಆರು ವರ್ಷದೊಳಗಿನ ಮಗುವಿಗೂ ಇಲ್ಲ. ಮನೆಯವರದು ಒಂದೇ ಟಿಕೆಟ್. ಹಾಸನದ ಹೊಸ ಬಸ್ ನಿಲ್ದಾಣದಿಂದ ಎರಡೂ ಊರಿಗೆ ಬಸ್ಸಿಗೆ ಬರವಿಲ್ಲ. ಮೈಸೂರಿಗೆ ಇದು ಸಾಕಾಗುತ್ತದೆ. ಹೊಳೆನರಸೀಪುರ ದಾಟಿ, ಕೆ.ಆರ್. ನಗರ ದಾಟುವಷ್ಟರಲ್ಲಿ ಮಗುವಿಗೆ ಇನ್ನೂ ತಾಳ್ಮೆ ಉಳಿದಿರುತ್ತದೆ. ಬೆಂಗಳೂರಿನದು ಮೂರೂವರೆ, ಒಮ್ಮೊಮ್ಮೆ ನಾಲ್ಕು ಗಂಟೆಯ ದಾರಿ. ಬೆಳ್ಳೂರು ಕ್ರಾಸೋ ಯಡಿಯೂರೋ, ಬಸ್ ನಿಲ್ಲಿಸಿದಾಗಲೇ ನಮ್ಮ ಕೆಲಸ ಎಲ್ಲ ಮುಗಿಸಬೇಕು. ಅದಕ್ಕೆ ಮೊದಲೇ ಡೈಪರ್ ಬದಲಿಸಬೇಕಾದರೆ ತೊಡೆಯ ಮೇಲೆಯೇ ಬದಲಿಸಬೇಕು, ಅದೂ ಬಸ್ ಓಡುವಾಗ. ಮಗುವಿಗೂ ಅಳು, ಪಕ್ಕದವರಿಗೂ ಮುಜುಗರ.

ಮೈಸೂರಿಗೆ ರೈಲೂ ಚೆನ್ನಾಗಿದೆ. ಸಾಗರಕಟ್ಟೆಯ ಸೇತುವೆ ಮೇಲೆ ಹೋಗುವಾಗ ಎರಡೂ ಕಡೆ ಕನ್ನಂಬಾಡಿ ಹಿನ್ನೀರು. ಮಳೆಗಾಲ ಮುಗಿದ ಮೇಲೆ ಹೋದರೆ ನೀರು ತುಂಬಿರುತ್ತದೆ, ಮಕ್ಕಳ ಕಣ್ಣು ಕಿಟಕಿ ಬಿಟ್ಟು ಆಚೆ ಬರುವುದಿಲ್ಲ. ಆದರೂ ಮೈಸೂರಿಗೆ ನನ್ನ ಮೊದಲ ಆಯ್ಕೆ ಕಾರು. ದೂರ ಕಡಿಮೆ, ಬೇಕಾದಲ್ಲಿ ನಿಲ್ಲಿಸಬಹುದು, ಊರೊಳಗೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮಗುವಿನ ಮಧ್ಯಾಹ್ನದ ನಿದ್ದೆಗೆ ಕಾರೇ ಮಲಗುವ ಮನೆಯಾಗುತ್ತದೆ. ಬೆಂಗಳೂರಿಗೆ ಕಾರು ಬೇಡ. ಕಬ್ಬನ್ ಪಾರ್ಕ್ ಸುತ್ತ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಮಗುವಿನ ಒಳ್ಳೆಯ ಹೊತ್ತು ಹಾಳಾಗುತ್ತದೆ.

ಈ ಒಳ್ಳೆಯ ಹೊತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ವಯಸ್ಸಿನ ಮಗುವಿಗೆ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಹುರುಪು. ಆಮೇಲೆ ಊಟ, ನಿದ್ದೆ. ಮೂರೂವರೆ ಮೇಲೆ ಇನ್ನೊಂದು ಸಣ್ಣ ಹುರುಪು. ದಿನಕ್ಕೆ ಸಿಗೋದು ಇಷ್ಟೇ. ಆ ಬೆಳಗಿನ ಎರಡೂವರೆ ಗಂಟೆ ಎಲ್ಲಿ ಖರ್ಚು ಮಾಡುತ್ತೀರಿ, ಮಧ್ಯಾಹ್ನದ ನಿದ್ದೆ ಎಲ್ಲಿ ಮಾಡಿಸುತ್ತೀರಿ, ಇವೆರಡೇ ನಾನು ಎರಡು ಊರನ್ನೂ ಅಳೆಯುವ ಅಳತೆ. ನೋಡಬೇಕಾದ ಜಾಗಗಳ ಪಟ್ಟಿ ಇಟ್ಟುಕೊಂಡು ಹೊರಟರೆ ಮಗು ಅಳುತ್ತದೆ, ಅಪ್ಪ ಅಮ್ಮ ಜಗಳ ಆಡುತ್ತಾರೆ.

ಬೆಳಗಿನ ಹೊತ್ತಿಗೆ ಮೈಸೂರೇ ಗೆಲ್ಲುತ್ತದೆ, ಮೃಗಾಲಯದ ದೆಸೆಯಿಂದ. 1892ರಿಂದ ಇರುವ ಚಾಮರಾಜೇಂದ್ರ ಮೃಗಾಲಯ ಬೆಳಗ್ಗೆ ಎಂಟೂವರೆಗೆ ತೆಗೆಯುತ್ತದೆ. ಹಾಸನದಿಂದ ಆರೂವರೆಗೆ ಹೊರಟರೆ ತಿಂಡಿ ಮುಗಿಸಿಯೂ ಬಿಸಿಲೇರುವ ಮುಂಚೆ ಒಳಗಿರಬಹುದು. ಆ ಹೊತ್ತಿಗೆ ಪ್ರಾಣಿಗಳೂ ಚುರುಕಾಗಿ ಓಡಾಡುತ್ತಿರುತ್ತವೆ. ಪುಸ್ತಕದಲ್ಲಿ ನೋಡಿ ಹೆಸರು ಕಲಿತ ಪ್ರಾಣಿ ಎದುರಿಗೆ ನಿಂತಾಗ ಮಗುವಿನ ಮುಖ ನೋಡಬೇಕು. ನಮ್ಮವಳು ಜಿರಾಫೆಯ ಮುಂದೆ ಅಲ್ಲಾಡದೆ ನಿಂತುಬಿಟ್ಟಳು. ಅದು ಕತ್ತು ಬಗ್ಗಿಸಿ, ಕಪ್ಪಗಿನ ಉದ್ದ ನಾಲಿಗೆ ಸೊಪ್ಪಿಗೆ ಸುತ್ತಿ, ಕೊಂಬೆಯಿಂದ ಸರ್ರನೆ ಎಳೆದುಕೊಂಡಿತು. ಇವಳೂ ನಾಲಿಗೆ ಹೊರಗೆ ಹಾಕಿದಳು. ಅದು ಇನ್ನೊಂದು ಬಾಯಿ ಸೊಪ್ಪು ಕಿತ್ತಿತು, ಇವಳು ಮತ್ತೆ ನಾಲಿಗೆ ಹಾಕಿದಳು. ಹುಲಿ, ಸಿಂಹ ನೋಡೋಣ ಬಾ ಅಂತ ಎಷ್ಟು ಕರೆದರೂ ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ, ಸುಮ್ನೆ ಎಳೆದುಕೊಂಡು ಹೋಗಬೇಡಿ.

ಒಂದು ತೊಂದರೆ ಹೇಳಲೇಬೇಕು. ಒಳಗಿನ ದಾರಿ ಬಹಳ ಉದ್ದ, ಜೊತೆಗೆ ಒಂದೇ ದಿಕ್ಕಿಗೆ ಸಾಗುವಂತೆ ಮಾಡಿದ್ದಾರೆ. ಅರ್ಧ ದಾರಿಯಲ್ಲಿ ಮಗು "ಎತ್ಕೋ" ಅಂದರೆ ಉಳಿದ ಅರ್ಧ ಎತ್ತಿಕೊಂಡೇ ನಡೆಯಬೇಕು. ಹಾಗಾಗಿ ಎರಡರಲ್ಲಿ ಒಂದು ಮಾಡಿ. ಸ್ಟ್ರಾಲರ್ ತಗೊಂಡು ಹೋಗಿ, ದಾರಿ ಅದಕ್ಕೆ ಒಗ್ಗುತ್ತದೆ. ಇಲ್ಲವೇ ಗೇಟಿನ ಹತ್ತಿರವೇ ಬ್ಯಾಟರಿ ಗಾಡಿ ಹತ್ತಿ. ಗಾಡಿಯಲ್ಲಿ ಹೋದರೆ ಜಿರಾಫೆ ಮುಂದೆ ಮನಸ್ಸು ತುಂಬುವಷ್ಟು ಹೊತ್ತು ನಿಲ್ಲಲಾಗುವುದಿಲ್ಲ, ಅದಕ್ಕೇ ನಾನು ಸ್ಟ್ರಾಲರ್ ಕಡೆ. ಗೇಟಿನಲ್ಲಿ ಬ್ಯಾಗ್ ನೋಡುತ್ತಾರೆ, ಪ್ಲಾಸ್ಟಿಕ್ ಬಿಡುವುದಿಲ್ಲ. ಮಗುವಿನ ತಿಂಡಿ ಸ್ಟೀಲ್ ಡಬ್ಬಿಯಲ್ಲಿ, ನೀರು ಸ್ಟೀಲ್ ಬಾಟಲಿಯಲ್ಲಿ ಇಟ್ಟುಕೊಂಡರೆ ಮಾತಿಲ್ಲ ಕತೆಯಿಲ್ಲ. ಮಂಗಳವಾರ ಮೃಗಾಲಯಕ್ಕೂ ಪಕ್ಕದ ಕಾರಂಜಿ ಕೆರೆಗೂ ರಜೆ, ನೆನಪಿರಲಿ.

ಬೆಂಗಳೂರಿನ ಬೆಳಗ್ಗೆಗೆ ಎದುರಾಳಿಯಾಗಿ ನಿಲ್ಲುವುದು ಕಬ್ಬನ್ ಪಾರ್ಕ್. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆಗೆ ಬದಲಿಸಿದರೆ ಕಬ್ಬನ್ ಪಾರ್ಕ್ ನಿಲ್ದಾಣ. ಮೂರು ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ಮೆಟ್ರೋದಲ್ಲಿ ಟಿಕೆಟ್ ಇಲ್ಲ. ಮೆಜೆಸ್ಟಿಕ್‌ನಲ್ಲಿ ಎಸ್ಕಲೇಟರ್ ಕಡೆ ಹೋಗದೆ ಲಿಫ್ಟ್ ಹುಡುಕಿ. ನಮ್ಮ ಹಾಸನದ ಮಕ್ಕಳಿಗೆ ಮೆಟ್ರೋನೇ ಒಂದು ಜಾತ್ರೆ. ರೈಲು ಸುರಂಗಕ್ಕೆ ಇಳಿದಾಗ ಗಾಜಿನಲ್ಲಿ ತನ್ನ ಮುಖ ಕಂಡು ಮಗಳು ಕೈಬೀಸಿದಳು.

ಭಾನುವಾರ ಕಬ್ಬನ್ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಭಾನುವಾರವೇ ಹೋಗಿ ಅಂತ ನಾನು ಹೇಳುವುದಕ್ಕೆ ಇದು ಎರಡನೆಯ ಕಾರಣ. 1870ರಲ್ಲಿ ಶುರುವಾದ ಪಾರ್ಕು, ಮರಗಳು ಆಕಾಶ ಮುಚ್ಚುವಷ್ಟು ಬೆಳೆದಿವೆ. ಆ ನೆರಳಿನ ಅಗಲ ರಸ್ತೆಯ ನಟ್ಟನಡುವೆ ಮಗು ಕೈಬಿಡಿಸಿಕೊಂಡು ಓಡುವುದನ್ನು ನೋಡಬೇಕು. ಮನೆ ಮುಂದಿನ ರಸ್ತೆಯಲ್ಲೂ ನಾವು ಅವಳನ್ನು ಹಾಗೆ ಬಿಡುವುದಿಲ್ಲ. ಒಣ ಎಲೆ ಒಂದೊಂದೇ ಆರಿಸಿ ತಂದು ಅಪ್ಪನ ಅಂಗಿ ಜೇಬಿಗೆ ತುರುಕಿದಳು, ಜೇಬು ಉಬ್ಬಿ ಎಲೆ ಹೊರಗೆ ಬೀಳುವ ತನಕ. ಬೆಂಗಳೂರಿನಲ್ಲಿ ಏನು ನೋಡಿದೆ ಪುಟ್ಟಿ ಅಂತ ಅಜ್ಜಿ ಕೇಳಿದರೆ "ಎಲೆ" ಅಂತಾಳೆ.

ಪಕ್ಕದಲ್ಲೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇದೆ. ನಾಲ್ಕೈದು ವರ್ಷದ ಮಕ್ಕಳಿಗೆ ಅದು ಹಬ್ಬ. ಎರಡೂವರೆ ವರ್ಷದ ಮಗುವಿಗೆ ಬೇಗ ಆಯಿತು ಅನ್ನೋದು ನನ್ನ ಅನಿಸಿಕೆ. ಒಳಗೆ ಹೋಗುತ್ತಿದ್ದಂತೆ ಸಿಗುವ, ಅಲ್ಲಾಡುವ ಡೈನೋಸಾರ್ ಬೊಂಬೆಯ ಘರ್ಜನೆಗೆ ಎಷ್ಟೋ ಪುಟ್ಟ ಮಕ್ಕಳು ಬೆಚ್ಚಿ ಬೀಳುತ್ತಾರೆ, ನಮ್ಮವಳು ಕುತ್ತಿಗೆ ಬಿಡಲೇ ಇಲ್ಲ. ಮಳೆ ಬಂದರೆ ಮಾತ್ರ ಒಳ್ಳೆಯ ಆಸರೆ.

ಲಾಲ್‌ಬಾಗ್ ಕೂಡ ನೋಡಿದ್ದೇವೆ. ಯಶವಂತಪುರದಿಂದ ಅದೇ ಹಸಿರು ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದು, ಅದು ದೊಡ್ಡ ಅನುಕೂಲ. ಆದರೆ 240 ಎಕರೆ. ಗಾಜಿನ ಮನೆ, ಕೆರೆ, ಬಂಡೆ ಒಂದಕ್ಕೊಂದು ದೂರ. ಬಂಡೆ ಹತ್ತುವುದು ಮಕ್ಕಳಿಗೆ ಇಷ್ಟವೇ, ಹತ್ತು ಗಂಟೆ ಮೇಲೆ ಅದು ಕಾದು ಕೂರಲಾಗುವುದಿಲ್ಲ. ಸಣ್ಣ ಮಗುವಿಗೆ ಕಬ್ಬನ್ ಪಾರ್ಕೇ ಮೇಲು.

ಮಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೊಕ್ಕ ಶೌಚಾಲಯ, ಹಾಲೂಡಿಸಲು ಕೋಣೆ, ಎಸಿ. ಇಷ್ಟಕ್ಕೆ ಒಂದು ಗಂಟೆ ಸರಿ. ಇಡೀ ದಿನಕ್ಕೆ ಬೇಡ. ಆ ಬೆಳಕು, ಆ ಸದ್ದಿಗೆ ಮಗು ಸುಸ್ತಾಗಿ ರಾತ್ರಿ ನಿದ್ದೆಯಲ್ಲೂ ಅಳುತ್ತದೆ.

ಮಧ್ಯಾಹ್ನದ ನಿದ್ದೆಯಲ್ಲಿ ಎರಡು ಊರೂ ಹತ್ತಿರ ಹತ್ತಿರ. ಮೈಸೂರಿನಲ್ಲಿ ಊಟ ಮುಗಿಸಿ ಕಾರಲ್ಲಿ ಮಲಗಿಸಿ, ನೆರಳು ನೋಡಿ ನಿಲ್ಲಿಸಿ, ಒಬ್ಬರು ಜೊತೆಗೆ ಕೂತರೆ ಆಯಿತು. ಬಸ್ಸಲ್ಲಿ ಹೋದವರಿಗೆ ಈ ಅನುಕೂಲ ಇಲ್ಲ. ಬೆಂಗಳೂರಿನಲ್ಲಿ ನಾವು ಪಾರ್ಕಿಗೇ ವಾಪಸ್ ಬಂದು, ಬಿದಿರು ಮೆಳೆ ಪಕ್ಕ ಹುಲ್ಲಿನ ಮೇಲೆ ದುಪಟ್ಟಾ ಹಾಸಿ ಮಲಗಿಸುತ್ತೇವೆ. ಬಯಲಲ್ಲಿ ಮಲಗುವ ಮಗುವಾದರೆ ಇದು ಕಾರಿಗಿಂತ ಚೆನ್ನ. ಮಳೆಗಾಲದಲ್ಲಿ ಮಾತ್ರ ನಡೆಯುವುದಿಲ್ಲ.

ಊಟದ ವಿಷಯದಲ್ಲಿ ನನಗೆ ಹಠ ಇದೆ. ಹೆಸರಾದ ಹೋಟೆಲಿನ ಮುಂದೆ ಹಸಿದ ಮಗುವನ್ನು ಎತ್ತಿಕೊಂಡು ಅರ್ಧ ಗಂಟೆ ಕಾಯಬಾರದು. ರಾಗಿ ಸರಿ ಪುಡಿ, ಫ್ಲಾಸ್ಕಿನಲ್ಲಿ ಬಿಸಿನೀರು, ಎರಡು ಏಲಕ್ಕಿ ಬಾಳೆಹಣ್ಣು ಬ್ಯಾಗಿನಲ್ಲಿ ಇದ್ದರೆ ಮಗುವಿನ ಹೊಟ್ಟೆ ಚಿಂತೆ ಇಲ್ಲ. ದೊಡ್ಡವರು ಎಲ್ಲಿ ಬೇಕಾದರೂ ತಿನ್ನಬಹುದು. ಇಡ್ಲಿ, ಮೊಸರನ್ನ ಎರಡು ಊರಲ್ಲೂ ಸಿಗುತ್ತದೆ, ಮೈಸೂರಿನಲ್ಲಿ ಖಾಲಿ ಟೇಬಲ್ ಬೇಗ ಸಿಗುತ್ತದೆ.

ಸಂಜೆಗೆ ಮೈಸೂರಿನಲ್ಲಿ ಕಾರಂಜಿ ಕೆರೆ. ಬಲೆ ಹಾಕಿದ ದೊಡ್ಡ ಪಕ್ಷಿಧಾಮದೊಳಗೆ ನಡೆದುಕೊಂಡೇ ಹೋಗಬಹುದು, ಹಕ್ಕಿಗಳು ತಲೆ ಮೇಲೆ ಹಾರುತ್ತವೆ. ರೈಲು ಪ್ರೀತಿಸುವ ಮಗುವಾದರೆ ಸ್ಟೇಷನ್ ಹತ್ತಿರದ ರೈಲ್ವೆ ಮ್ಯೂಸಿಯಂ. 1979ರದ್ದು, ಚಿಕ್ಕದು, ನೆರಳಿದೆ. ಅರಮನೆ ಬಿಟ್ಟುಬಿಡಿ. ಚಪ್ಪಲಿ ಬಿಟ್ಟು ಜನರ ನಡುವೆ ಸಾಲಲ್ಲಿ ನಡೆಯುವುದರಲ್ಲಿ ಈ ವಯಸ್ಸಿಗೆ ಏನೂ ಇಲ್ಲ. ಬೆಂಗಳೂರಿನಲ್ಲಿ ಸಂಜೆ ಅನ್ನೋದೇ ಇಲ್ಲ, ನಾಲ್ಕೂವರೆಗೇ ಯಶವಂತಪುರದ ಕಡೆ ಹೊರಡಬೇಕು. ಆ ಲೆಕ್ಕದಲ್ಲಿ ಮೈಸೂರು ಎರಡು ಗಂಟೆ ಜಾಸ್ತಿ ಕೊಡುತ್ತದೆ.

ಇನ್ನು ಯಾವಾಗ ಹೋಗಬಾರದು ಅನ್ನೋದು. ದಸರಾ ಸಮಯದಲ್ಲಿ ಸಣ್ಣ ಮಗು ಕಟ್ಟಿಕೊಂಡು ಮೈಸೂರು ಬೇಡ. ಜನವರಿ, ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ ಲಾಲ್‌ಬಾಗ್ ಕಡೆ ತಲೆ ಹಾಕಬೇಡಿ. ಏಪ್ರಿಲ್, ಮೇ ಶಾಲಾ ರಜೆಯಲ್ಲಿ ಮೃಗಾಲಯಕ್ಕೆ ವಾರದ ನಡುವೆಯೂ ಜನ. ನವೆಂಬರ್‌ನಿಂದ ಫೆಬ್ರವರಿವರೆಗೆ ಎರಡು ಊರಿಗೂ ಒಳ್ಳೆಯ ಕಾಲ. ಆಗ ಬೆಳಗಿನ ಜಾವ ಹಾಸನದಲ್ಲಿ ಮಂಜು ಇರುತ್ತದೆ, ಸ್ವೆಟರ್, ಟೋಪಿ ಇಲ್ಲದೆ ಮಗುವನ್ನು ಹೊರಗೆ ತರಲಾಗುವುದಿಲ್ಲ. ಹತ್ತು ಗಂಟೆಗೆ ಅವೆಲ್ಲ ಬಿಚ್ಚಿ ತುರುಕಬೇಕು, ಬ್ಯಾಗಿನಲ್ಲಿ ಜಾಗ ಬಿಟ್ಟುಕೊಂಡು ಹೊರಡಿ.