ಲಿಬ್ರೆ ಆಫೀಸ್ ಜೊತೆ ಹತ್ತು ವರ್ಷ: ಜಗಳ ಆಡೋಕೆ ಯಾರೂ ಸಿಗಲ್ಲ

ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಬಾಡಿಗೆ ಕರಾರು, ಅರ್ಜಿ, ಗೃಹಪ್ರವೇಶದ ಕಾರ್ಡು, ದಿನಾ ಇದೇ ಕೆಲಸ. ಹತ್ತು ವರ್ಷದ ಹಿಂದೆ ಕಂಪ್ಯೂಟರ್ ಬದಲಾಯಿಸಿದಾಗ, ದುಡ್ಡು ಕೊಟ್ಟು ತಂದಿದ್ದ ಸಾಫ್ಟ್‌ವೇರ್‌ಗೇ ಮತ್ತೆ ದುಡ್ಡು ಕೇಳಿದರು. ರೇಗಿ, ವಿಂಡೋಸ್ ಬದಲು ಲಿನಕ್ಸ್ ಅನ್ನೋ ಪುಕ್ಕಟೆ ವ್ಯವಸ್ಥೆ ಹಾಕಿಸಿದೆ, ಅದರ ಜೊತೆ ಕಾಗದಪತ್ರ ಟೈಪ್ ಮಾಡೋಕೆ ಲಿಬ್ರೆ ಆಫೀಸ್ ಬಂತು. ಪುಕ್ಕಟೆ ಅಂತ ಬಂದವನು ನಾನು, ಸಾಫ್ಟ್‌ವೇರ್ ಎಲ್ಲರಿಗೂ ಮುಕ್ತವಾಗಿರಬೇಕು ಅನ್ನೋ ಸಿದ್ಧಾಂತ ಗಿದ್ಧಾಂತ ಏನೂ ಇರಲಿಲ್ಲ.

ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಲಿಬ್ರೆ ಆಫೀಸಿನಲ್ಲಿ ಟೈಪ್ ಮಾಡುವ ಭಾಗವಾದ ರೈಟರ್ ತೆರೆಯುತ್ತೇನೆ. ಟೂಲ್‌ಬಾರ್‌ನಲ್ಲೇ ಪಿಡಿಎಫ್ ಬಟನ್ ಇದೆ. ಅದನ್ನು ಒತ್ತಿ, ವಾಟ್ಸಾಪ್‌ಗೆ ಹಾಕಿ, ಗಿರಾಕಿ ಮನೆಯಲ್ಲೇ ನೋಡಿ ಹ್ಞೂಂ ಅಂದಮೇಲೆ ಪ್ರಿಂಟ್. ಎಷ್ಟು ಹಾಳೆ ಉಳಿದಿದೆ ಅಂದರೆ, ಈ ಬಟನ್ ಮಾಡಿದವರಿಗೆ ಒಂದು ಕಾಫಿ ಕೊಡಿಸಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಕಿರಿಕಿರಿ ಶುರುವಾಗೋದು ಪೆನ್ ಡ್ರೈವ್ ಬಂದಾಗ. ಗಿರಾಕಿ ಮನೆಯಲ್ಲಿ ಒಂದೇ ಪುಟ ಇದ್ದ ಕಾಗದ ನನ್ನಲ್ಲಿ ತೆರೆದರೆ 'ಇಂತಿ ತಮ್ಮ ವಿಶ್ವಾಸಿ' ಎರಡನೇ ಪುಟಕ್ಕೆ ಜಾರಿರುತ್ತದೆ. ಕಾರಣ ತಿಳಿಯೋಕೆ ಬಹಳ ದಿನ ಬೇಕಾಯಿತು. ಕಾಗದ ಇರೋದು ತುಂಗಾ ಫಾಂಟ್‌ನಲ್ಲಿ, ಅದು ವಿಂಡೋಸ್‌ನದು, ನನ್ನ ಲಿನಕ್ಸ್‌ನಲ್ಲಿ ಇಲ್ಲ, ಅದರ ಬದಲು ಬೇರೆ ಅಗಲದ ಫಾಂಟ್ ಬಂದು ಕೂರುತ್ತದೆ. ಇಂಗ್ಲಿಷಿನ ಕ್ಯಾಲಿಬ್ರಿ ಫಾಂಟ್‌ಗೆ ಅಷ್ಟೇ ಅಗಲದ ಕಾರ್ಲಿಟೊ ಅಂತ ಮುಕ್ತ ಫಾಂಟ್ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದದ್ದು) ಇದೆ, ಸಾಲು ಅಲ್ಲಾಡಲ್ಲ. ತುಂಗಾಕ್ಕೆ ಅಂಥ ಜೋಡಿ ನನಗೆ ಸಿಕ್ಕಿಲ್ಲ. ಗುಬ್ಬಿ, ನವಿಲು ಹಾಕಿದ್ದೇನೆ, ಎರಡೂ ಚೆಂದದ ಮುಕ್ತ ಫಾಂಟ್‌ಗಳೇ, ಆದರೆ ಅಗಲ ಬೇರೆ. ಗಿರಾಕಿ ಮಾತ್ರ "ನಿಮ್ಮ ಕಂಪ್ಯೂಟರ್ ಸರಿಯಿಲ್ಲ ಸಾರ್" ಅಂದು ಎದುರಿನ ಅಂಗಡಿಗೆ ಹೋಗುತ್ತಾರೆ.

ಇನ್ನೊಂದು ಮುಕ್ತ ಫಾಂಟ್‌ನಲ್ಲಿ (ಹೆಸರು ಬೇಡ) 'ರಾಷ್ಟ್ರೀಯ' ಅಂತ ಬರೆದರೆ ಒತ್ತಕ್ಷರ ಕೆಳಗಿನ ಸಾಲಿಗೆ ಗುದ್ದುತ್ತಿತ್ತು. ಫೋಟೋ ತೆಗೆದು, ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಅದನ್ನು ಮಾಡಿದವರಿಗೆ ದೂರು ಬರೆದೆ. ಯಾರೋ ಒಬ್ಬರು ಯಾವ ವರ್ಷನ್, ಸ್ಯಾಂಪಲ್ ಫೈಲ್ ಕೊಡಿ ಅಂದರು. ಕೊಟ್ಟೆ. ಆಮೇಲೆ ಎಂಟು ತಿಂಗಳು ಸದ್ದಿಲ್ಲ. ದುಡ್ಡು ಕೊಟ್ಟಿದ್ದರೆ ಫೋನ್ ಹಚ್ಚಿ ಕೂಗಾಡಬಹುದಿತ್ತು. ಇಲ್ಲಿ ಯಾರ ಮೇಲೆ ರೇಗೋದು? ಫಾಂಟ್ ಮಾಡುವ ಅವರೂ ನನ್ನ ಹಾಗೆ ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ಇದಕ್ಕೆ ಕೂರುವವರು.

ಹಾಗಂತ ದುಡ್ಡು ಕೊಟ್ಟಿದ್ದ ಹಳೇ ಸಾಫ್ಟ್‌ವೇರ್ ಕಂಪನಿಗೆ ಕೂಗಾಡಿದಾಗ ಸಿಕ್ಕಿದ್ದೇನು? ಒಂದು ದೂರಿನ ನಂಬರ್. ಮೂರೇ ದಿನಕ್ಕೆ 'ಪರಿಹಾರವಾಗಿದೆ' ಅಂತ ಮೆಸೇಜ್, ತೊಂದರೆ ಇದ್ದಲ್ಲೇ ಇತ್ತು. ನನ್ನ ಫಾಂಟ್ ದೂರು ಎಂಟು ತಿಂಗಳೂ ಎಲ್ಲರಿಗೂ ಕಾಣುವ ಹಾಗೆ ತೆರೆದೇ ಇತ್ತು. ಕೊನೆಗೆ ಬೇರೆ ಯಾರೋ ನೋಡಿ ಸರಿ ಮಾಡಿದರು. ಏನು ಬದಲಾಯಿತು ಅನ್ನೋ ಸಾಲೂ ಕಂಡಿತು, ಅರ್ಥ ಆಗಲಿಲ್ಲ ಬಿಡಿ.

ಲಿಬ್ರೆ ಆಫೀಸ್ ಹುಟ್ಟಿದ್ದೇ ಒಂದು ಮುನಿಸಿನಿಂದ. ಇದರ ಮೊದಲ ರೂಪ ಓಪನ್ ಆಫೀಸ್, ಸನ್ ಕಂಪನಿಯದು. ಸನ್ ಅನ್ನು ಒರಾಕಲ್ ಅನ್ನೋ ಇನ್ನೊಂದು ಕಂಪನಿ ಕೊಂಡ ಮೇಲೆ, 2010ರಲ್ಲಿ, ಓಪನ್ ಆಫೀಸ್ ಕಟ್ಟುತ್ತಿದ್ದವರಲ್ಲಿ ಬಹಳ ಜನ ಕೋಡ್ ಸಮೇತ ಹೊರಬಂದರು. ಕಂಪನಿಯಲ್ಲಿ ಯಜಮಾನ ಬದಲಾದರೆ ಕೆಲಸಗಾರ ಟಿಫನ್ ಡಬ್ಬಿ ಹಿಡಿದು ಹೊರಡಬೇಕು. ಇವರು ಇಡೀ ಅಂಗಡಿಯನ್ನೇ ಜೆರಾಕ್ಸ್ ಮಾಡಿಕೊಂಡು ಬಂದರು, ಯಾರು ಬೇಕಾದರೂ ನಕಲು ಮಾಡಿಕೊಳ್ಳಿ ಅಂತ ಲೈಸೆನ್ಸೇ ಹೇಳಿತ್ತು!

ಆರು ತಿಂಗಳಿಗೊಮ್ಮೆ ಹೊಸ ವರ್ಷನ್ ಬರುತ್ತದೆ. ಬಂದ ತಕ್ಷಣ ಹಾಕಬೇಡಿ, ಒಂದೆರಡು ರಿಪೇರಿ ಆಗಲಿ. ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್. ಐದನೆಯದು, ತುಂಗಾದಲ್ಲಿ ಬರೆದ ಕಾಗದ ನನ್ನಲ್ಲೂ ಒಂದೇ ಪುಟದಲ್ಲಿ ನಿಂತ ದಿನ.