ಟೈಲೋಸಿನ್ ಪುಡಿ: ಗೊರಗೊರ ಎನ್ನುವ ಮನೆಕೋಳಿಗೆ ಎಷ್ಟು ಉಪಯೋಗ? (5ಕ್ಕೆ 3 ಅಂಕ)

"ಕೋಳಿಗೆ ಶೀತ ಆಗಿದೆ, ಗೊರಗೊರ ಅಂತಿದೆ" ಎಂದು ಶಿವಮೊಗ್ಗದಲ್ಲೋ ಸಾಗರದಲ್ಲೋ ಪಶು ಔಷಧಿ ಅಂಗಡಿಯಲ್ಲಿ ಕೇಳಿದರೆ ಮುಂದಿಡುವ ಪೊಟ್ಟಣಗಳಲ್ಲಿ ಟೈಲೋಸಿನ್ ಟಾರ್ಟ್ರೇಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೀರಿಗೆ ಕಲಸಿ ಕುಡಿಸುವ ಪುಡಿ. ಒಳ್ಳೆಯ ಔಷಧಿಯೇ. ಆದರೆ ಇದು ಮುಖ್ಯವಾಗಿ ಕೆಲಸಕ್ಕೆ ಬರುವುದು ಒಂದೇ ಕಾಯಿಲೆಗೆ, ಅದೂ ಕೋಳಿ ಆ ನೀರನ್ನು ಕುಡಿದರೆ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಕುಡಿಸುವುದೇ ದೊಡ್ಡ ತಲೆನೋವು. ಎರಡು ಅಂಕ ಕಳೆದದ್ದಕ್ಕೆ ಅರ್ಧ ಕಾರಣ ಅದು, ಉಳಿದರ್ಧ ಪೊಟ್ಟಣದ ಗಾತ್ರ.

ಆ ಒಂದು ಕಾಯಿಲೆ ಸಿ.ಆರ್.ಡಿ., ಅಂದರೆ ಕೋಳಿಯ ದೀರ್ಘಕಾಲದ ಉಸಿರಾಟದ ಕಾಯಿಲೆ. ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಸೂಕ್ಷ್ಮಾಣುವಿನಿಂದ ಬರುವಂಥದ್ದು. ಈ ರೋಗಾಣುವಿಗೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಹೊಡೆಯುವುದು ಆ ಭಿತ್ತಿಯನ್ನೇ, ಹಾಗಾಗಿ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಿದರೆ ದಂಡ. ಟೈಲೋಸಿನ್ ಆದರೆ ರೋಗಾಣುವಿನ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತದೆ, ಅದಕ್ಕೇ ಇಲ್ಲಿ ನಡೆಯುತ್ತದೆ.

ಸಿ.ಆರ್.ಡಿ. ಹೌದೋ ಅಲ್ಲವೋ ಎಂದು ಅಂದಾಜು ಮಾಡಲು ಕೋಳಿಯನ್ನು ಕೈಗೆತ್ತಿಕೊಂಡು ನೋಡಬೇಕು. ಕಣ್ಣಿನ ಮೂಲೆಯಲ್ಲಿ ಸಣ್ಣ ನೊರೆಗುಳ್ಳೆ, ಮೂಗಿನ ಹೊಳ್ಳೆಗೆ ಮೆತ್ತಿಕೊಂಡ ತೌಡು, ಹೆಗಲಿನ ಗರಿ ಒಂದು ಕಡೆ ಅಂಟಂಟಾಗಿ ಕಂದಿರುವುದು (ಮೂಗು ಒರೆಸಿಕೊಳ್ಳುವುದು ಅಲ್ಲಿಗೇ). ರಾತ್ರಿ ಗೂಡು ಸೇರಿ ಅರ್ಧ ಗಂಟೆ ಕಳೆದ ಮೇಲೆ ಟಾರ್ಚ್ ಹಾಕದೆ ಹೊರಗೆ ನಿಂತು ಕಿವಿಗೊಡಿ. ಹಗಲಿನ ಗಲಾಟೆಯಲ್ಲಿ ಕೇಳದ ಗೊರಗೊರ, ಸೀನು ಆಗ ಸ್ಪಷ್ಟವಾಗಿ ಕೇಳುತ್ತದೆ. ಕೋಳಿ ತಿನ್ನುತ್ತಿರುತ್ತದೆ, ಓಡಾಡುತ್ತಿರುತ್ತದೆ, ವಾರಗಟ್ಟಲೆ ಹೀಗೇ ಎಳೆಯುತ್ತದೆ. ದಿಢೀರನೆ ಸಾಲುಸಾಲಾಗಿ ಸತ್ತರೆ ಅದು ಬೇರೆ ರೋಗ, ಈ ಪುಡಿಯನ್ನು ಮರೆತುಬಿಡಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೆಸರಲ್ಲ, ಪ್ರತಿ ಗ್ರಾಂ ಪುಡಿಯಲ್ಲಿ ಎಷ್ಟು ಟೈಲೋಸಿನ್ ಇದೆ ಎಂಬ ಸಾಲು. ಕೆಲವು ಪೊಟ್ಟಣದಲ್ಲಿ ಬಹುಪಾಲು ಔಷಧಿಯೇ ಇರುತ್ತದೆ. ಕೆಲವಲ್ಲಿ 10 ಅಥವಾ 20 ಶೇಕಡಾ ಮಾತ್ರ, ಮಿಕ್ಕಿದ್ದು ಸಕ್ಕರೆಯಂಥ ತುಂಬುಪುಡಿ. ಲೀಟರ್ ನೀರಿಗೆ ಬೇಕಾದ್ದು ಅರ್ಧ ಗ್ರಾಂ ಟೈಲೋಸಿನ್. ಶುದ್ಧ ಪುಡಿಯಾದರೆ ಅರ್ಧ ಗ್ರಾಂ, 10 ಶೇಕಡಾದ್ದಾದರೆ 5 ಗ್ರಾಂ. "ಒಂದು ಚಮಚ ಹಾಕಿ" ಎಂಬ ಅಂಗಡಿಯ ಸಲಹೆ ಒಂದಕ್ಕೆ ಹತ್ತು ಪಟ್ಟು ಹೆಚ್ಚು, ಇನ್ನೊಂದಕ್ಕೆ ಸರಿಯೋ ಕಡಿಮೆಯೋ ಆಗುವುದು ಹೀಗೆ. ಪಶುವೈದ್ಯರ ಚೀಟಿ ತಂದು ತೆಗೆದುಕೊಂಡರೆ ಈ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಅರ್ಧ ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲ. ಶುದ್ಧ ಪುಡಿಗೆ ಸುಲಭದ ದಾರಿ ಇದು: 5 ಗ್ರಾಂ ತೂಗಿಸಿ ಗಾಜಿನ ಬಾಟಲಿಗೆ ಹಾಕಿ, ಮೇಲೆ ನೀರು ಸುರಿದು ಒಟ್ಟು 50 ಎಂ.ಎಲ್. ಮಾಡಿ. ಪುಡಿಯ ಮೇಲೆ ನೀರು ಸುರಿಯಬೇಕು. ನೀರಿನ ಮೇಲೆ ಪುಡಿ ಉದುರಿಸಿದರೆ ಗಂಟು ಕಟ್ಟಿ ತಳದಲ್ಲಿ ಉಳಿಯುತ್ತದೆ. ಈ ದ್ರಾವಣ 5 ಎಂ.ಎಲ್. ಸಿರಿಂಜಿನಲ್ಲಿ ಎಳೆದು ಲೀಟರ್ ನೀರಿಗೆ ಹಾಕಿದರೆ ಅಳತೆ ಸರಿ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಕುಡಿಯುವ ನೀರನ್ನಂತೂ ದಿನಾ ಬೆಳಿಗ್ಗೆ ಹೊಸದಾಗಿ ಕಲಸಬೇಕು, ತುಕ್ಕು ಹಿಡಿದ ತಗಡಿನ ಡಬ್ಬಿಯಲ್ಲಲ್ಲ, ಪ್ಲಾಸ್ಟಿಕ್ ಅಥವಾ ಸ್ಟೀಲಿನಲ್ಲಿ. ಪುಡಿ ತಾಗಿದರೆ ಕೆಲವರಿಗೆ ಕೈ ತುರಿಸಿ ದದ್ದು ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಈ ಪುಡಿಯನ್ನು ನೀರಲ್ಲಿ ಕಲಸಿ ಸೂಜಿಯಲ್ಲಿ ಚುಚ್ಚುವ ಸಾಹಸ ಬೇಡ, ಚುಚ್ಚುಮದ್ದಿನ ಟೈಲೋಸಿನ್ ಬೇರೆಯೇ ಇದೆ.

ಇನ್ನು ಕುಡಿಸುವ ವಿಷಯ. ಆಷಾಢದ ಜಡಿಮಳೆಯಲ್ಲಿ ಕೋಳಿಯನ್ನು ಬೆಳಿಗ್ಗೆ ಬಿಟ್ಟರೆ ಹೆಂಚಿನಿಂದ ಇಳಿಯುವ ನೀರು, ಅಂಗಳದ ಹೊಂಡ, ತೋಟದ ಬಸಿಗಾಲುವೆ, ಎಲ್ಲಿ ಬೇಕಾದರೂ ನೀರಿದೆ. ಔಷಧಿ ಕಹಿ. ಅದನ್ನು ಕೋಳಿ ಯಾಕೆ ಮುಟ್ಟೀತು? ಮೂರರಿಂದ ಐದು ದಿನ ಔಷಧಿ ನಡೆಯುವಷ್ಟು ಕಾಲ ಕೋಳಿಗಳನ್ನು ಮುಚ್ಚಿಟ್ಟೇ ಸಾಕಬೇಕು, ಕೊಟ್ಟಿಗೆಯ ಒಂದು ಮೂಲೆಗೆ ಬಲೆ ಕಟ್ಟಿದರೂ ಸಾಕು. ಅಷ್ಟೂ ದಿನ ಬೇರೆ ನೀರು ಇರಬಾರದು.

ಇಷ್ಟಾದರೂ ತಂಪು ಹವೆಯಲ್ಲಿ ಕೋಳಿ ಕುಡಿಯುವುದೇ ಕಡಿಮೆ. ಹತ್ತು ದೊಡ್ಡ ಕೋಳಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿದರೆ ಲೆಕ್ಕ ಹೊಂದುತ್ತದೆ. ಪಾತ್ರೆಗೆ ಗೆರೆ ಹಾಕಿಟ್ಟು ಸಂಜೆ ನೋಡಿ. ಒಂದು ಲೀಟರೂ ಖಾಲಿಯಾಗದಿದ್ದರೆ ಔಷಧಿ ಹೊಟ್ಟೆಗೆ ಸಾಕಷ್ಟು ಹೋಗಿಲ್ಲ ಎಂದೇ ಅರ್ಥ. ಆಗ ಅಳತೆ ಹೆಚ್ಚಿಸಬೇಡಿ, ಕಹಿ ಹೆಚ್ಚಿ ಇನ್ನೂ ಕುಡಿಯುವುದಿಲ್ಲ. ಮುಸುರೆ, ಗಂಜಿ ನಿಲ್ಲಿಸಿ ಒಣ ಜೋಳದ ನುಚ್ಚು, ಒಣ ತೌಡು ಕೊಡಿ. ನೀರು ಬೆರೆಸಿದ ಆಹಾರ ತಿಂದ ಕೋಳಿಗೆ ಬಾಯಾರಿಕೆಯೇ ಆಗುವುದಿಲ್ಲ. ಬೆಳಿಗ್ಗೆ ಒಂದೆರಡು ಗಂಟೆ ನೀರಿಡದೆ ಆಮೇಲೆ ಔಷಧಿ ನೀರಿಟ್ಟರೆ ಮೊದಲ ಗುಟುಕುಗಳಲ್ಲೇ ಹೆಚ್ಚಿನ ಭಾಗ ಒಳಗೆ ಹೋಗುತ್ತದೆ. ಮಂಕಾಗಿ ಕೂತು ಪಾತ್ರೆಯ ಹತ್ತಿರಕ್ಕೂ ಬರದ ಹೇಂಟೆಗೆ ಅದೇ ಕಲಸಿದ ನೀರನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ, ಒಂದು ಸಲಕ್ಕೆ 10 ಎಂ.ಎಲ್. ಮೀರದಂತೆ, ದಿನದಲ್ಲಿ ಹಲವು ಸಲ ಕುಡಿಸಿ. ತಲೆ ಹಿಂದಕ್ಕೆ ಎಳೆದು ಸುರಿದರೆ ಶ್ವಾಸನಾಳಕ್ಕೆ ಹೋಗಿ ಅಲ್ಲೇ ಕಥೆ ಮುಗಿಯುತ್ತದೆ. ಅರಿಶಿನ, ಕಾಳುಮೆಣಸಿನ ಮದ್ದು ಕೊಡುವವರು ಅನ್ನದ ಉಂಡೆಯಲ್ಲಿ ಕೊಡಲಿ, ಈ ನೀರಿಗೆ ಮಾತ್ರ ಬೆರೆಸುವುದು ಬೇಡ.

ಮೂರು ದಿನ ಸರಿಯಾಗಿ ಕುಡಿದೂ ಸುಧಾರಿಸದಿದ್ದರೆ? ಸಿ.ಆರ್.ಡಿ. ಜೊತೆಗೆ ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಅದರ ಮೇಲೆ ಟೈಲೋಸಿನ್‌ಗೆ ಹಿಡಿತವಿಲ್ಲ, ವೈದ್ಯರು ಔಷಧಿ ಬದಲಿಸಬೇಕು. ಮುಖ ಊದಿ ಕೆಟ್ಟ ವಾಸನೆಯ ಸಿಂಬಳ ಸುರಿದರೆ ಕೊರೈಜಾ ಎಂಬ ಬೇರೆ ಬ್ಯಾಕ್ಟೀರಿಯಾ ರೋಗ ಇರಬಹುದು. ಬಾಯಿ ಬಿಡಿಸಿ ನೋಡಿದಾಗ ಗಂಟಲಲ್ಲಿ ಹಳದಿ ಗಿಣ್ಣಿನಂಥ ಪದರ ಕಂಡರೆ ಒಳಸಿಡುಬು ಇರಬಹುದು, ಅದು ಸೊಳ್ಳೆ ಹರಡುವ ವೈರಾಣು ರೋಗ. ಕತ್ತು ತಿರುಚಿ, ಹಸಿರು ಭೇದಿ ಆದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಅದಕ್ಕೆ ಲಸಿಕೆ ಮೊದಲೇ ಹಾಕಿರಬೇಕಿತ್ತು, ಈಗ ಯಾವ ಪುಡಿಯೂ ಇಲ್ಲ. ಹಾಗೆಂದು ಸೀನುತ್ತಿರುವ ಗುಂಪಿಗೆ ಆತುರದಲ್ಲಿ ಲಸೋಟಾ ಹನಿ (ಕೊಕ್ಕರೆ ರೋಗದ ಜೀವಂತ ಲಸಿಕೆ) ಹಾಕಬೇಡಿ. ಮೈಕೋಪ್ಲಾಸ್ಮಾ ಇರುವ ಕೋಳಿಗೆ ಜೀವಂತ ಲಸಿಕೆ ಬಿದ್ದರೆ ಉಸಿರಾಟದ ತೊಂದರೆ ಕೆರಳುತ್ತದೆ.

ಮಳೆಗಾಲದಲ್ಲಿ ಎಷ್ಟೋ ಸಲ ರೋಗಾಣುವಿನಷ್ಟೇ ಗೂಡೂ ಕಾರಣ. ಇರುಚಲು ಹೊಡೆಯುತ್ತದೆಂದು ಸುತ್ತಲೂ ಟಾರ್ಪಾಲು ಬಿಗಿದರೆ ಹಿಕ್ಕೆಯ ಅಮೋನಿಯಾ ಒಳಗೇ ನಿಲ್ಲುತ್ತದೆ. ಅದು 25 ಪಿ.ಪಿ.ಎಂ. (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ) ದಾಟಿದರೆ ಶ್ವಾಸನಾಳದ ಸೂಕ್ಷ್ಮ ರೋಮಗಳು ಹಾಳು. ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಮೂಸಿ ನೋಡಿ, ಕಣ್ಣು ಚುರುಗುಟ್ಟಿದರೆ ಮೊದಲು ಮಾಡಿನ ಕೆಳಗೆ ಒಂದು ಗೇಣು ಗಾಳಿಗೆ ಬಿಡಿ, ಹಸಿ ಹಾಸು ತೆಗೆಯಿರಿ. ಕೋಳಿ ಒಳಗಿರುವಾಗಲೇ ಸುಣ್ಣ ಎರಚಿದರೆ ಅಮೋನಿಯಾ ಇನ್ನಷ್ಟು ಏಳುತ್ತದೆ. ಬೂಸಲು ಹಿಡಿದ ಅಡಿಕೆ ಸಿಪ್ಪೆ, ಹಸಿ ಮರದ ಹೊಟ್ಟು ಹಾಸಿದರೆ ಆಸ್ಪರ್ಜಿಲಸ್ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದಕ್ಕೂ ಟೈಲೋಸಿನ್ ನಾಟುವುದಿಲ್ಲ.

ಒಂದೆರಡು ಕೋಳಿ ಸತ್ತರೆ ಹೂಳುವ ಮೊದಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಂಜುಗಡ್ಡೆಯ ಮೇಲಿಟ್ಟು ಅಂದೇ ಒಯ್ಯಿರಿ. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದರೆ ಒಳಾಂಗ ನೋಡಲು ಕೆಡುತ್ತದೆ. ಜುಟ್ಟು ನೀಲಿಗಟ್ಟಿ, ಮುಖ ಊದಿ ಒಟ್ಟೊಟ್ಟಿಗೆ ಸತ್ತರೆ ಮುಟ್ಟಲೂ ಬೇಡಿ, ಸಾಗಿಸಲೂ ಬೇಡಿ. ಹಕ್ಕಿಜ್ವರ ಇರಬಹುದು, 1962ಕ್ಕೆ ಕರೆ ಮಾಡಿ ಇಲಾಖೆಗೆ ತಿಳಿಸಿ.

ಮೊಟ್ಟೆಯ ವಿಷಯಕ್ಕೆ ಬಂದರೆ, ಪೊಟ್ಟಣದ ಮೇಲೆ ಎಷ್ಟು ದಿನ ಬಿಡಬೇಕೆಂದು ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲವೆಂದರೆ 2012ರ ಔಷಧಿ ನಿಯಮದ ಪ್ರಕಾರ ಕಡೆಯ ಗುಟುಕಿನಿಂದ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಹಬ್ಬಕ್ಕೆಂದು ಇಟ್ಟ ಹುಂಜಕ್ಕೆ ಔಷಧಿ ಶುರು ಮಾಡುವ ಮೊದಲು ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಕಾವಿಗಂತೂ ಆ ಹೇಂಟೆಯ ಮೊಟ್ಟೆ ಬೇಡವೇ ಬೇಡ. ಗೊರಗೊರ ನಿಂತರೂ ಮೈಕೋಪ್ಲಾಸ್ಮಾ ಒಳಗೇ ಉಳಿದಿರುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ನಾಲ್ಕು ವಾರ ಬೇರೆ ಇಡಬೇಕೆನ್ನುವುದೂ ಇದೇ ಕಾರಣಕ್ಕೆ.

ಪೊಟ್ಟಣದ ಮೇಲಿನ ದೂರು ಇಷ್ಟೇ. 100 ಗ್ರಾಂ ಶುದ್ಧ ಪುಡಿ ಎಂದರೆ 200 ಲೀಟರ್ ನೀರು. ಹತ್ತು ಕೋಳಿಯ ಮನೆಗೆ ಐದು ದಿನಕ್ಕೆ ಬೇಕಾದ್ದು ಹೆಚ್ಚೆಂದರೆ 5 ಗ್ರಾಂ. ಮಿಕ್ಕಿದ್ದು ಮಲೆನಾಡಿನ ತೇವಕ್ಕೆ ಗಂಟು ಕಟ್ಟುತ್ತದೆ, ಇಲ್ಲವೇ ಪ್ರತಿ ಸೀನಿಗೂ ಚಿಟಿಕೆ ಚಿಟಿಕೆ ಹೋಗಿ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ವೈದ್ಯರ ಸಲಹೆ ಪಡೆದು ಒಂದೇ ಪೊಟ್ಟಣ ಹಂಚಿಕೊಂಡರೆ ಹಣವೂ ಉಳಿಯುತ್ತದೆ. ಉಳಿದ ಪುಡಿ ಗಾಳಿಯಾಡದ ಗಾಜಿನ ಬಾಟಲಿಯಲ್ಲಿರಲಿ, ಒಡೆದ ದಿನಾಂಕ ಬರೆದು, ಗ್ರಾಂಗೆ ಎಷ್ಟು ಔಷಧಿ ಎಂಬ ಸಾಲು ಇರುವ ಲೇಬಲ್ಲಿನ ತುಂಡನ್ನು ಕತ್ತರಿಸಿ ಮೇಲೆ ಅಂಟಿಸಿಡಿ.