ಟೆಸ್ಟರ್ ಒಂದು, ಡಬ್ಬಿಯೊಳಗೆ ಇನ್ನೊಂದು: ಎಕ್ಸಿಬಿಷನ್ ಸೇಲ್‌ನಲ್ಲಿ ಬ್ಲಶ್, ಐಶ್ಯಾಡೋ ತಗೊಳ್ಳೋರು ದಯವಿಟ್ಟು ಓದಿ

ಈ ಭಾನುವಾರದವರೆಗೆ ವಿರಾಜಪೇಟೆಯಲ್ಲಿ ಸೇಲ್ ಇದೆ ಅಂತ ಗೆಳತಿ ಒಂದು ಕರಪತ್ರದ ಫೋಟೋ ಕಳಿಸಿದಳು. ಕೆಳಗಿರೋ ಫೋನ್ ನಂಬರ್ ನೋಡಿ ಮೈಯೆಲ್ಲ ಉರಿದುಹೋಯ್ತು. ಅದೇ ನಂಬರ್. ನನ್ನನ್ನ ಬ್ಲಾಕ್ ಮಾಡಿರೋ ಅದೇ ನಂಬರ್. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಕೂತು ಬರೀತಿದ್ದೀನಿ, ಹಿಂದೆಮುಂದೆ ಆಗಿದ್ದರೆ ನೀವೇ ಹೊಂದಿಸಿಕೊಂಡು ಓದಿ.

ಮೊದಲೇ ಹೇಳಿಬಿಡ್ತೀನಿ, ನಾನು ಮೇಕಪ್ ಗೊತ್ತಿಲ್ಲದವಳಲ್ಲ. ನಾಚಿಕೆ ಆಗ್ತಿರೋದೇ ಅದಕ್ಕೆ. ಮನೆಯಲ್ಲಿ, ಆಫೀಸಲ್ಲಿ ಯಾರಿಗೆ ಏನು ಬೇಕಾದರೂ ನನ್ನನ್ನೇ ಕೇಳೋದು. ಇನ್ನೂರು ರೂಪಾಯಿಯಿಂದ ಸಾವಿರದೈನೂರರವರೆಗಿನ ಬ್ಲಶ್ಶು (ಕೆನ್ನೆಗೆ ಹಚ್ಚೋ ಬಣ್ಣ), ಪ್ಯಾಲೆಟ್ಟು (ಕಣ್ಣಿನ ರೆಪ್ಪೆಗೆ ಹಚ್ಚೋ ಹಲವು ಬಣ್ಣಗಳ ಡಬ್ಬಿ) ಅಂತ ಒಂದು ಡ್ರಾಯರ್ ತುಂಬಿಸಿಟ್ಟಿದ್ದೀನಿ, ನಮ್ಮ ಮನೆಯವರು ಅದಕ್ಕೆ ಫ್ಯಾನ್ಸಿ ಸ್ಟೋರ್ ಅಂತಲೇ ಹೆಸರಿಟ್ಟಿದ್ದಾರೆ. ಕಡಿಮೆ ರೇಟಿನದೆಲ್ಲ ಕೆಟ್ಟದ್ದು ಅನ್ನೋಳೂ ಅಲ್ಲ. ಸ್ವಿಸ್ ಬ್ಯೂಟಿಯವರದು (ಹೆಸರು ಮಾತ್ರ ಸ್ವಿಸ್, ಕಂಪನಿ ನಮ್ಮ ದೇಶದ್ದೇ) ಒಂದು ಬ್ಲಶ್ ಮುನ್ನೂರರೊಳಗೆ ತಗೊಂಡಿದ್ದು, ತಳ ಕಾಣೋವರೆಗೂ ಹಚ್ಚಿದ್ದೀನಿ. ನಮ್ಮಂಥ ಗೋಧಿ ಬಣ್ಣಕ್ಕೆ, ಅದಕ್ಕಿಂತ ಕಪ್ಪಿರೋರಿಗೆ, ತಿಳಿ ಗುಲಾಬಿ ಹಚ್ಚಿದರೆ ಕೆನ್ನೆಗೆ ಬೂದಿ ಬಳಿದ ಹಾಗೆ ಕಾಣುತ್ತೆ, ಅದರಲ್ಲಿ ಬಿಳಿ ಪುಡಿ ಜಾಸ್ತಿ, ಇಟ್ಟಿಗೆ ಕೆಂಪೋ ನೇರಳೆ ಹಣ್ಣಿನ ಬಣ್ಣವೋ ತಗೊಳ್ಳಿ ಅಂತ ಎಷ್ಟು ಜನಕ್ಕೆ ಹೇಳಿದ್ದೀನೋ. ಪ್ಯಾಲೆಟ್‌ನಲ್ಲಿ ಮಿಂಚೋ ಬಣ್ಣ ಮುಟ್ಟಿ ಮರುಳಾಗಬೇಡಿ, ಅಭ್ರಕದ ಪುಡಿ ಹಾಕಿದರೆ ಎಂಥದ್ದೂ ಮಿಂಚುತ್ತೆ, ಮ್ಯಾಟ್, ಅಂದರೆ ಮಿಂಚದ ಕಂದು ಮುಟ್ಟಿ ನೋಡಿ, ಅದು ತೇಪೆ ತೇಪೆಯಾಗಿ ಕೂತರೆ ಅಲ್ಲೇ ಇಟ್ಟು ಬನ್ನಿ ಅಂತ ಪಾಠ ಮಾಡೋಳೂ ನಾನೇ. ಇಷ್ಟೆಲ್ಲ ಗೊತ್ತಿದ್ದವಳೇ ಹಳ್ಳಕ್ಕೆ ಬಿದ್ದೆ.

ಏಪ್ರಿಲ್ ಕೊನೆ. ದೊಡ್ಡಮ್ಮನ ಮಗಳ ಮದುವೆ ಮೇ ಮೊದಲ ವಾರಕ್ಕಿತ್ತು. ಮುಹೂರ್ತಕ್ಕೆ ಪಾರ್ಲರ್‌ನವರು, ಚಪ್ಪರದ ದಿನಕ್ಕೆ ನಾನು ಅಂತ ಮಾತಾಗಿತ್ತು. ಅದೇ ಹೊತ್ತಿಗೆ ಕುಶಾಲನಗರದ ಒಂದು ಹಾಲ್‌ನಲ್ಲಿ ಮೂರು ದಿನದ ಎಕ್ಸಿಬಿಷನ್ ಕಮ್ ಸೇಲ್. ಇವೆಲ್ಲ ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ಲ, ಬಾಗಿಲಲ್ಲೇ ಬೆಡ್‌ಶೀಟ್ ಗುಡ್ಡೆ, ಆಮೇಲೆ ಕಾಟನ್ ಸೀರೆ, ಉಪ್ಪಿನಕಾಯಿ, ತರಕಾರಿ ಹೆಚ್ಚೋ ಮಣೆ ತೋರಿಸ್ತಾ ಕೂಗೋ ಹುಡುಗ. ಮೂಲೆಯಲ್ಲಿ ಮೇಕಪ್ ಸ್ಟಾಲ್. ಕೌಂಟರ್ ಹಿಂದೆ ಒಬ್ಬಳು ಹುಡುಗಿ, ಮಾತು ಬೆಲ್ಲದ ಹಾಗೆ. "ಬನ್ನಿ ಅಕ್ಕ, ತಗೊಳ್ಳಲೇಬೇಕು ಅಂತಿಲ್ಲ, ಟ್ರೈ ಮಾಡಿ ನೋಡಿ."

ಟ್ರೈ ಮಾಡಿದೆ. ಹದಿನೆಂಟು ಬಣ್ಣದ ಪ್ಯಾಲೆಟ್, ಹೆಸರಾಂತ ಬ್ರ್ಯಾಂಡಿನದು (ಆ ಬ್ರ್ಯಾಂಡಿನ ತಪ್ಪೇನಿಲ್ಲ, ಹೆಸರು ಹಾಕಲ್ಲ). ಅವಳೇ ನನ್ನ ಮುಂಗೈ ಹಿಡಿದು ಒಂದೊಂದೇ ಬಣ್ಣ ಎಳೆದಳು. ನಾನು ಬೇಕಂತಲೇ ಮ್ಯಾಟ್ ಕಂದು ಕೇಳಿದೆ. ಒಂದೇ ಎಳೆತಕ್ಕೆ ಬೆಣ್ಣೆ ಸವರಿದ ಹಾಗೆ ಬಂತು. ಇಟ್ಟಿಗೆ ಬಣ್ಣ, ಹಾಗೇ. ಬ್ಲಶ್ ಎರಡು ನೋಡಿದೆ, ಎರಡೂ ಹಾಗೇ. ಮನೆಗೆ ಹೋಗಿ ಬೆಳಕಲ್ಲಿ ನೋಡೋಣ ಅಂತ ಮುಂಗೈ ಪಕ್ಕ ಆ ಟೆಸ್ಟರ್ ಪ್ಯಾಲೆಟ್ (ಹಚ್ಚಿ ನೋಡೋಕೆ ಅಂತ ತೆರೆದಿಟ್ಟಿರೋದು) ಇಟ್ಟು ಫೋಟೋನೂ ತೆಗೆದುಕೊಂಡೆ. ಆ ಫೋಟೋ ನೆನಪಿಟ್ಟುಕೊಳ್ಳಿ.

ಪ್ಯಾಲೆಟ್ 799, ಬ್ಲಶ್ ಒಂದಕ್ಕೆ 300. ಚೌಕಾಸಿ ಮಾಡಿ ಮೂರೂ ಸೇರಿ 1,300ಕ್ಕೆ ಇಳಿಸಿದೆ, ಬಹಳ ಜಾಣೆ ಅಂದುಕೊಂಡೆ. ಅವಳು ಕೌಂಟರ್ ಕೆಳಗಿಂದ ಸೀಲ್ ಆಗಿರೋ ಡಬ್ಬಿ ತೆಗೆದುಕೊಟ್ಟಳು. ದುಡ್ಡು ಫೋನಲ್ಲೇ ಹಾಕಿದೆ, ಬಂದ ಹೆಸರಿಗೂ ಸ್ಟಾಲ್ ಬೋರ್ಡಿಗೂ ಸಂಬಂಧ ಇಲ್ಲ. ಬಿಲ್ ಕೇಳಿದ್ದಕ್ಕೆ "ಬಿಲ್ ಬುಕ್ ಖಾಲಿಯಾಗಿದೆ ಅಕ್ಕ, ವಾಟ್ಸಾಪಲ್ಲಿ ಹಾಕ್ತೀನಿ." ಸರಿ ಅಂದೆ. ಯಾಕೆ ಸರಿ ಅಂದೆ? ಗೊತ್ತಿಲ್ಲ. ಸೀಲ್ ಒಡೆದು ನೋಡಬೇಕು ಅಂತ ಒಂದು ಸಲ ಅನ್ನಿಸಿತ್ತು ಕೂಡ. "ಒಡೆದರೆ ಎಕ್ಸ್‌ಚೇಂಜ್ ಆಗಲ್ಲ ಅಕ್ಕ" ಅಂದಳು, ಕೈ ಹಿಂದೆ ತಗೊಂಡೆ.

ಚಪ್ಪರದ ದಿನ ಸಂಜೆ, ಮನೆ ತುಂಬ ನೆಂಟರು. ಅಲ್ಲೇ ಸೀಲ್ ಒಡೆದೆ. ಹೊಸದು ಯಾವುದೇ ಆದರೂ ಕಿವಿ ಹಿಂದೆ ಹಚ್ಚಿ ಒಂದು ದಿನ ನೋಡು ಅಂತ ಎಲ್ಲರಿಗೂ ಹೇಳೋಳು ನಾನೇ ನೋಡಲಿಲ್ಲ. ಅಂಗಡಿಯಲ್ಲೇ ಮುಂಗೈಗೆ ಹಚ್ಚಿ ನೋಡಿದ್ದಾಯ್ತಲ್ಲ ಅಂತ.

ಬ್ರಶ್‌ಗೆ ಬಣ್ಣವೇ ಹತ್ತಲಿಲ್ಲ. ಮೇಲೊಂದು ಹೊಳಪು ಪೊರೆ ಕಟ್ಟಿದ ಹಾಗಿತ್ತು. ಕೆಲವು ಸಲ ಹೊಸದರಲ್ಲಿ ಹಾಗಿರುತ್ತೆ ಅಂತ ಉಗುರಲ್ಲಿ ಕೆರೆದೆ. ಕೆಳಗೆ ಸುಣ್ಣದ ಪುಡಿಯ ಥರ ಉದುರಿತು, ಅಗರಬತ್ತಿಯ ವಾಸನೆ ಬೇರೆ. ನನ್ನ ಕೈಯಲ್ಲೇ ಏನೋ ಸರಿಯಿಲ್ಲ ಅಂದುಕೊಂಡು ಇನ್ನೊಂದು ಪದರ, ಮತ್ತೊಂದು ಪದರ, ಮದುಮಗಳ ರೆಪ್ಪೆ ಮೇಲೆ ಹಚ್ಚಿದೆ. ಇದನ್ನ ಬರೆಯೋಕೂ ಕಷ್ಟ ಆಗ್ತಿದೆ. ಕೆನ್ನೆಗೂ ಹಾಗೇ, ಎರಡು ಸಲ ಹಚ್ಚಿದರೂ ಏನೂ ಇಲ್ಲ, ಮೂರನೇ ಸಲಕ್ಕೆ ಒಮ್ಮೆಲೇ ಜಾತ್ರೆಯಲ್ಲಿ ಮಾರೋ ಮಿಠಾಯಿ ಗುಲಾಬಿ.

ಅರ್ಧ ಗಂಟೆಗೆ "ಅಕ್ಕ, ಕಣ್ಣು ಚುರುಚುರು ಅಂತಿದೆ" ಅಂದಳು. ನೀರು ಸುರಿಯೋಕೆ ಶುರು. ಕೊಬ್ಬರಿ ಎಣ್ಣೆ ಹತ್ತಿಗೆ ಹಾಕಿ ಒರೆಸಿದೆ, ರೆಪ್ಪೆಯದು ಬಂತು, ಕೆನ್ನೆಯ ಗುಲಾಬಿ ಮಾತ್ರ ಬರಲೇ ಇಲ್ಲ. ಸೋಪು ಹಾಕಿದೆವು, ಕಡಲೆಹಿಟ್ಟು ಹಾಕಿದೆವು. ಬಟ್ಟೆಗೆ ಹಾಕೋ ಬಣ್ಣದ ಹಾಗೆ ಕೂತುಬಿಟ್ಟಿತ್ತು. ಬೆಳಿಗ್ಗೆ ಎದ್ದಾಗ ಎಡಗಣ್ಣಿನ ರೆಪ್ಪೆ ಊದಿಕೊಂಡಿದೆ. ಮುಹೂರ್ತದ ದಿನ! ಡಾಕ್ಟರ್ ನೋಡಿ ಅಲರ್ಜಿ ಅಂದು ಡ್ರಾಪ್ಸ್ ಬರೆದುಕೊಟ್ಟರು, ಕಣ್ಣಿನ ಹತ್ತಿರ ಇವತ್ತು ಏನೂ ಹಚ್ಚಬಾರದು ಅಂದರು. ಪಾರ್ಲರ್‌ನವಳು ಕೆನ್ನೆ ಮುಚ್ಚೋಕೇ ಒಂದು ಗಂಟೆ ಒದ್ದಾಡಿದಳು. ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. "ನೀನೇ ನೋಡಿ ತಂದದ್ದಲ್ವಾ?" ಅಂತ ಅಷ್ಟೇ ಕೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಮದುವೆ ಮುಗಿಸಿ ಮಡಿಕೇರಿಗೆ ವಾಪಸ್ ಬಂದ ರಾತ್ರಿ ಆ ಫೋಟೋ ತೆಗೆದೆ. ಡಬ್ಬಿಯನ್ನ ಪಕ್ಕದಲ್ಲಿಟ್ಟು, ಬೆರಳಲ್ಲಿ ಫೋಟೋ ದೊಡ್ಡದು ಮಾಡ್ತಾ ಹೋದೆ. ಟೆಸ್ಟರ್‌ನ ಬಣ್ಣದ ಬಿಲ್ಲೆಗಳ ಮೇಲೆ ಸಣ್ಣ ಅಚ್ಚು ಇದೆ, ನನ್ನದರಲ್ಲಿ ಬರೀ ಬೋಳು. ಟೆಸ್ಟರ್‌ನ ಮುಚ್ಚಳದಲ್ಲಿ ಕನ್ನಡಿ ಅಂಚಿನವರೆಗೂ ಇದೆ, ನನ್ನದರಲ್ಲಿ ಓರೆಯಾಗಿ ಅಂಟಿಸಿ ಗೋಂದು ಹೊರಗೆ ಬಂದಿದೆ. ಡಬ್ಬಿ ತಿರುಗಿಸಿದೆ. ಇಂಗ್ಲಿಷಲ್ಲಿ ಬರೆದಿರೋ ಐಶ್ಯಾಡೋ ಪದದ ಕೊನೆಯ ಡಬ್ಲ್ಯು ನಾಪತ್ತೆ! ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೆ ಆ ಡಬ್ಬಿ, ಓದಿರಲಿಲ್ಲ. ಎರಡು ಬ್ಲಶ್‌ಗೂ ಪ್ಯಾಲೆಟ್‌ಗೂ ಬ್ಯಾಚ್ ನಂಬರ್ ಒಂದೇ. ಕೆನ್ನೆಗೆ ಹಚ್ಚೋದು, ಕಣ್ಣಿಗೆ ಹಚ್ಚೋದು, ಎಲ್ಲ ಒಂದೇ ಬ್ಯಾಚ್! ಮುಚ್ಚಳ ತೆರೆದ ಡಬ್ಬಿಯ ಚಿತ್ರ ಹಾಕಿ 12 ಎಂ ಅಂತ ಬರೆದಿದ್ದಾರೆ, ಅಂದರೆ ತೆರೆದ ಮೇಲೆ ಹನ್ನೆರಡು ತಿಂಗಳು, ಆದರೆ ಯಾವ ತಿಂಗಳು ಯಾವ ವರ್ಷದೊಳಗೆ ಬಳಸಬೇಕು ಅನ್ನೋದು ಎಲ್ಲೂ ಇಲ್ಲ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಅದು ಇರಲೇಬೇಕು, ಇಲ್ಲೇ ತಯಾರಾದದ್ದಕ್ಕೆ ಲೈಸೆನ್ಸ್ ನಂಬರ್, ಹೊರದೇಶದ್ದಕ್ಕೆ ತರಿಸಿದವರ ಹೆಸರು, ವಿಳಾಸ, ನೋಂದಣಿ ನಂಬರ್ ಇರಬೇಕು. ನನ್ನ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲ, ಎಂಆರ್‌ಪಿ ಮಾತ್ರ ದಪ್ಪಕ್ಷರದಲ್ಲಿ.

ಮುಂಗೈಗೆ ಹಚ್ಚಿದ್ದು ಅಸಲಿ. ಕೈಗೆ ಕೊಟ್ಟಿದ್ದು ನಕಲಿ. ಇಷ್ಟೇ ಆಟ. ಇಷ್ಟು ಸುಲಭದ ಆಟಕ್ಕೆ ನಾನು ಬಿದ್ದೆ.

ಆಮೇಲೆ ಆ ಸ್ಟಾಲ್ ಹುಡುಗಿಗೆ ಮೆಸೇಜ್ ಮಾಡಿದೆ. ಉತ್ತರಗಳನ್ನ ಹಾಗೇ ಬರೀತೀನಿ. ಮೊದಲನೆಯದು: "ಅಕ್ಕ ಯಾವ ಬ್ರಶ್ ಯೂಸ್ ಮಾಡಿದ್ರಿ? ಬ್ರಶ್ ಸರಿ ಇಲ್ಲ ಅಂದ್ರೆ ಕಲರ್ ಬರಲ್ಲ." ಬ್ರಶ್‌ನ ಫೋಟೋ ಕಳಿಸಿದೆ. "ಹಾಗಾದ್ರೆ ನಿಮ್ಮ ಕೊಡಗಿನ ತೇವ ಅಕ್ಕ, ಪೌಡರ್ ಗಟ್ಟಿಯಾಗಿರುತ್ತೆ." ಏಪ್ರಿಲ್‌ನಲ್ಲಿ ತಗೊಂಡು ಮೇನಲ್ಲಿ ಒಡೆದ ಡಬ್ಬಿಗೆ ಯಾವ ತೇವ ತಾಯಿ? ಜುಲೈ ಅಂದಿದ್ದರೆ ನಂಬ್ತಿದ್ದೆನೇನೋ. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಬೀರುವಿನಲ್ಲಿರೋ ಸೀರೆಗೂ ಬೂಷ್ಟು ಹಿಡಿಯೋ ಊರಲ್ಲಿ ಬೆಳೆದವಳಿಗೆ ತೇವದ ಪಾಠ! ಬೂಷ್ಟು ಹೇಗಿರುತ್ತೆ ಅಂತ ನನಗೆ ಗೊತ್ತು, ಇದು ಬೂಷ್ಟಲ್ಲ ಅಂತ ಬರೆದೆ. "ನಿಮ್ಮ ಸಿಸ್ಟರ್ ಸ್ಕಿನ್ ಸೆನ್ಸಿಟಿವ್ ಇರಬಹುದು." ಟೆಸ್ಟರ್ ಫೋಟೋ, ನನ್ನ ಡಬ್ಬಿ ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದೆ. ಒಂದು ದಿನ ಮಾತಿಲ್ಲ. ಮಾರನೇ ದಿನ: "ಈ ರೇಟಿಗೆ ಫಸ್ಟ್ ಕಾಪಿ ಅಂತ ನಿಮಗೂ ಗೊತ್ತಿತ್ತಲ್ವಾ ಅಕ್ಕ."

ನಿಮಗೂ ಗೊತ್ತಿತ್ತಲ್ವಾ! ಕೌಂಟರ್‌ನಲ್ಲಿ ಮೂರು ಸಲ ಒರಿಜಿನಲ್ ಅಂದವಳು ಈಗ ಫಸ್ಟ್ ಕಾಪಿ, ಅಂದರೆ ನಕಲಿ, ಅಂತಾಳೆ. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆ ಆಯ್ತು ನೋಡಿ, ಒಂದು ಕ್ಷಣ ನನಗೂ ಗೊತ್ತಿತ್ತಾ ಅಂತ ನನ್ನನ್ನೇ ಕೇಳಿಕೊಂಡೆ. ಅಷ್ಟು ಕಡಿಮೆಗೆ ಯಾಕೆ ಕೊಡ್ತಾರೆ ಅಂತ ಯೋಚಿಸಲಿಲ್ಲ, ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡಿದ್ದೆ. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ "ಮುಂದಿನ ಸೇಲ್ ಹಾಸನದಲ್ಲಿ, ಅಲ್ಲಿಗೆ ತನ್ನಿ, ಸೀಲ್ ಇದ್ರೆ ಎಕ್ಸ್‌ಚೇಂಜ್ ಮಾಡ್ತೀನಿ." ಸೀಲ್ ಇದ್ದರೆ ಅದು ನಕಲಿ ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಉತ್ತರ ಬರಲಿಲ್ಲ. ಒಂದೇ ಟಿಕ್, ಡಿಪಿ ಮಾಯ.

ಹಾಲ್‌ನವರಿಗೆ ಫೋನ್ ಮಾಡಿದರೆ "ನಾವು ಬಾಡಿಗೆಗೆ ಕೊಟ್ಟಿದ್ದಷ್ಟೇ ಮೇಡಂ." ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿದೆ, ಅವರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಕೇಳಿದ್ದು ಬಿಲ್ಲು, ಮಾರಿದವರ ಹೆಸರು, ವಿಳಾಸ. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಯಾರ ಮೇಲೆ ಅಂತ ಹಾಕಲಿ? ನನ್ನ ಹತ್ತಿರ ಇರೋದು ಫೋನಲ್ಲಿ ದುಡ್ಡು ಹೋದ ಒಂದು ಹೆಸರು, ಅದೂ ಅವಳದೋ ಅವಳ ಅಣ್ಣನದೋ.

ಹಾಗಾಗಿ ವಿರಾಜಪೇಟೆಯವರೇ, ಹೋಗೋದಾದರೆ ಹೋಗಿ, ಬೆಡ್‌ಶೀಟ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮುಖಕ್ಕೆ ಹಚ್ಚೋದು ಮಾತ್ರ ಬೇಡ. ತಗೊಳ್ಳಲೇಬೇಕು ಅನ್ನಿಸಿದರೆ ದುಡ್ಡು ಹಾಕೋ ಮೊದಲು ಅವರ ಎದುರಿಗೇ ಸೀಲ್ ಒಡೆಸಿ, ಆ ಡಬ್ಬಿಯ ಬಣ್ಣವನ್ನೇ ಟೆಸ್ಟರ್ ಪಕ್ಕ ಎಳೆಸಿ. ಒಡೆಯಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ. ಬಿಲ್ ಇಲ್ಲ ಅಂದರೂ ಅಷ್ಟೇ. ನಿಮ್ಮೂರಿನ ಫ್ಯಾನ್ಸಿ ಸ್ಟೋರ್‌ನವರು ಹತ್ತು ರೂಪಾಯಿ ಬಿಡದೇ ಇರಬಹುದು, ನಾಳೆಯೂ ಅಲ್ಲೇ ಬಾಗಿಲು ತೆಗೆದಿರ್ತಾರೆ.

ತಂಗಿಯ ಕಣ್ಣು ನಾಲ್ಕು ದಿನಕ್ಕೆ ಇಳಿಯಿತು. ಮೊನ್ನೆ ಆಲ್ಬಂ ಬಂತು, ಚಪ್ಪರದ ದಿನದ್ದು ಒಂದೂ ಹಾಕಿಸಿಲ್ಲ ಅವಳು, ಕೇಳಿದರೆ ಲೈಟಿಂಗ್ ಸರಿ ಇರಲಿಲ್ಲ ಅಕ್ಕ ಅಂತಾಳೆ. ಪ್ಯಾಲೆಟ್ಟು, ಬ್ಲಶ್ಶು ಎರಡನ್ನೂ ಎಸೆದಿಲ್ಲ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟಿದ್ದೀನಿ. ಭಾನುವಾರ ಬೆಳಿಗ್ಗೆ ಬಸ್ಸಿಗೆ ವಿರಾಜಪೇಟೆಗೆ ಹೊರಟಿದ್ದೀನಿ. ಹತ್ತು ಗಂಟೆಗೆ ಬಾಗಿಲು ತೆಗೀತಾರಂತೆ, ಯಾರಾದರೂ ಜೊತೆಗೆ ಬರೋರಿದ್ದರೆ ಹೇಳಿ.